ಸಾಯದ, ಆದರೂ ಹೊರಬರದ ಮರಿಗಳು

ಜಿಂಕ್ ಆಕ್ಸೈಡ್ ನ್ಯಾನೋ ಕಣ ಸನ್‌ಸ್ಕ್ರೀನ್‌ನಲ್ಲಿದೆ, ಪೇಂಟ್‌ನಲ್ಲಿದೆ. ಅದರಲ್ಲಿ ಒಂದಷ್ಟು ತೊಳೆದುಹೋಗಿ ಕೆರೆ, ಹೊಳೆ ಸೇರುತ್ತದೆ. ಅಲ್ಲಿ ಮೀನಿನ ಮೊಟ್ಟೆಗೆ ಏನಾಗುತ್ತದೆ ಅಂತ ನಾನು ಜೀಬ್ರಾ ಮೀನಿನ ಭ್ರೂಣದಲ್ಲಿ ನೋಡುತ್ತೇನೆ. ಮೊಟ್ಟೆಯ ಅಗಲ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಪೂರ್ತಿ ಪಾರದರ್ಶಕ. ಮೈಕ್ರೋಸ್ಕೋಪಿನಲ್ಲಿ ಒಳಗಿನ ಹೃದಯ ಬಡಿಯುವುದೂ ಕಾಣುತ್ತದೆ.

ಪರೀಕ್ಷೆ ನಡೆಸುವುದು ರಾಸಾಯನಿಕಗಳ ಪರೀಕ್ಷಾ ಕ್ರಮ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಒಇಸಿಡಿಯ 2013ರ 236ನೇ ಮಾರ್ಗಸೂಚಿಯಂತೆ. ಪ್ರತಿ ಸಾಂದ್ರತೆಗೆ 20 ಭ್ರೂಣ, ಪ್ಲಾಸ್ಟಿಕ್ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು, 26 ಡಿಗ್ರಿ ಸೆಲ್ಸಿಯಸ್, 96 ಗಂಟೆ. ಸಾವಿಗೆ ನಾಲ್ಕು ಗುರುತು: ಮೊಟ್ಟೆ ಹೆಪ್ಪುಗಟ್ಟಿ ಬೆಳ್ಳಗಾಗುವುದು, ದೇಹದ ಖಂಡಗಳು ಮೂಡದಿರುವುದು, ಬಾಲ ಹಳದಿ ಭಾಗದಿಂದ ಬಿಡಿಸಿಕೊಳ್ಳದಿರುವುದು, ಹೃದಯ ಬಡಿಯದಿರುವುದು. ಈ ನಾಲ್ಕನ್ನೇ ಎಣಿಸಿ ನಿಲ್ಲಿಸಿದರೆ ಜಿಂಕ್ ಆಕ್ಸೈಡ್ ಮಾಡುವ ಹಾನಿಯ ದೊಡ್ಡ ಪಾಲು ಕಣ್ಣಿಗೇ ಬೀಳುವುದಿಲ್ಲ.

ಮೊದಲು ಕಣಗಳ ವಿಷಯ. ಡಬ್ಬದ ಮೇಲೆ 30 ನ್ಯಾನೋಮೀಟರ್ ಅಂತ ಬರೆದಿದ್ದರೂ ಅದನ್ನು ನಂಬಿ ಕೂರಬೇಡಿ. ಸಾನಿಕೇಟರ್‌ನಲ್ಲಿ, ಅಂದರೆ ಶಬ್ದದ ಅಲೆಗಳಿಂದ ಅಲುಗಿಸುವ ಯಂತ್ರದಲ್ಲಿ, ಚೆನ್ನಾಗಿ ಚದುರಿಸಿದ ಕಣಗಳು ಕೂಡ, ಭ್ರೂಣ ಬೆಳೆಸುವ ನೀರಿನ ಉಪ್ಪು ತಾಗಿದ ಕೂಡಲೇ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆ ಗಂಟುಗಳು ಗುಳಿಯ ತಳಕ್ಕೆ ಇಳಿಯುತ್ತವೆ. ಮೊಟ್ಟೆಯೂ ಕೂತಿರುವುದು ತಳದಲ್ಲೇ ಅಲ್ವಾ? ಹಾಗಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂತ ನಾವು ಬರೆದುಕೊಂಡಿದ್ದೇ ಒಂದು, ಮೊಟ್ಟೆಗೆ ತಾಗುವುದೇ ಇನ್ನೊಂದು. ಕಣಗಳ ಗಾತ್ರವನ್ನು ನಾನು ಅದೇ ನೀರಿನಲ್ಲಿ, ಶುರುವಿನಲ್ಲೂ ಕೊನೆಯಲ್ಲೂ ಅಳೆಯುತ್ತೇನೆ. ಪ್ಲಾಸ್ಟಿಕ್ ಗುಳಿ ಲೋಹವನ್ನು ಹೀರಿಕೊಳ್ಳಬಹುದು. ಅದಕ್ಕೆ ಹಿಂದಿನ ದಿನವೇ ಅದೇ ದ್ರಾವಣ ತುಂಬಿಸಿಟ್ಟು, ಮರುದಿನ ಹೊಸದನ್ನು ಹಾಕುತ್ತೇನೆ.

ಇನ್ನು ಮುಖ್ಯ ಸಂಗತಿ. ಸಾಮಾನ್ಯವಾಗಿ ಮೊಟ್ಟೆ ಫಲಿತವಾದ 48ರಿಂದ 72 ಗಂಟೆಯೊಳಗೆ ಮರಿ ಹೊರಬರುತ್ತದೆ. ಜಿಂಕ್ ಆಕ್ಸೈಡ್ ಇರುವ ಗುಳಿಗಳಲ್ಲಿ 72 ಗಂಟೆ ದಾಟಿದ ಮೇಲೂ ಮರಿ ಸುರುಳಿ ಸುತ್ತಿಕೊಂಡು ಒಳಗೇ ಇರುತ್ತದೆ. ಹೃದಯ ಬಡಿಯುತ್ತಿದೆ, ರಕ್ತ ಓಡಾಡುತ್ತಿದೆ, ಆಗಾಗ ಬಾಲ ಜಾಡಿಸುತ್ತದೆ. ಮೊಟ್ಟೆಯ ಹೊರಪೊರೆಯ ಮೇಲೆ ಕಣಗಳ ಗಂಟು ಮೆತ್ತಿಕೊಂಡಿರುತ್ತದೆ. ಸಣ್ಣ ಚಿಮಟದಿಂದ ಆ ಪೊರೆ ಹರಿದು ಬಿಟ್ಟರೆ ಎಷ್ಟೋ ಮರಿಗಳು ಮೈ ನೆಟ್ಟಗೆ ಮಾಡಿಕೊಂಡು ಅಲುಗಾಡುತ್ತವೆ. ಬೆಳವಣಿಗೆ ಅಲ್ಲಿಯವರೆಗೆ ಬಂದಿದೆ, ಬಾಗಿಲು ಮಾತ್ರ ತೆರೆದಿಲ್ಲ.

ಆ ಬಾಗಿಲು ತೆರೆಯುವುದು ಒಂದು ಕಿಣ್ವ. ಮರಿಯ ಮೈಮೇಲಿನ ಗ್ರಂಥಿ ಕೋಶಗಳು ಅದನ್ನು ಬಿಡುತ್ತವೆ, ಅದು ಪೊರೆಯನ್ನು ಒಳಗಿನಿಂದ ಕರಗಿಸುತ್ತದೆ. ಈ ಕಿಣ್ವದ ಕೆಲಸಕ್ಕೆ ಸತು, ಅಂದರೆ ಜಿಂಕ್, ಬೇಕು. ಆದರೆ ಸತು ಜಾಸ್ತಿಯಾದರೆ ಅದೇ ಕಿಣ್ವ ನಿಂತುಹೋಗುತ್ತದೆ. ತಾಮ್ರ ಮತ್ತು ನಿಕಲ್ ಆಕ್ಸೈಡ್‌ಗಳೂ ಮೊಟ್ಟೆ ಒಡೆಯುವುದನ್ನು ಹೀಗೇ ತಡೆಯುತ್ತವೆ. ನೀರಿನಲ್ಲಿ ಕರಗದ ಟೈಟಾನಿಯಂ ಡೈಆಕ್ಸೈಡ್ ಹಾಗಲ್ಲ. ಕತ್ತಲಲ್ಲಿ ಅದು ಹೆಚ್ಚುಕಮ್ಮಿ ಸುಮ್ನಿರುತ್ತದೆ, ನೇರಳಾತೀತ ಬೆಳಕು ಬಿದ್ದಾಗಲೇ ಅದರ ಕಾಟ. ಅದನ್ನು ಪರೀಕ್ಷಿಸುವವರು ಬೆಳಕಿನ ಲೆಕ್ಕವನ್ನೂ ಬರೆಯಲೇಬೇಕು.

ಹಾಗಾದರೆ ತೊಂದರೆ ಕೊಡುತ್ತಿರುವುದು ಕಣವೋ, ಕರಗಿದ ಸತುವೋ? ಇದನ್ನು ಬಿಡಿಸದ ಪರೀಕ್ಷೆ ನನ್ನ ಪಾಲಿಗೆ ಅರ್ಧ ಪರೀಕ್ಷೆ. ಕಣಗಳನ್ನು ತಡೆಯುವಷ್ಟು ಸೂಕ್ಷ್ಮ ಸೋಸುವ ಪೊರೆಯಲ್ಲಿ ನೀರನ್ನು ಸೆಂಟ್ರಿಫ್ಯೂಜ್ ಮಾಡಿ, ಅಂದರೆ ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಕೆಳಗಿಳಿದ ನೀರಿನ ಸತುವನ್ನು ಅಳೆಯುತ್ತೇನೆ. ಅಷ್ಟೇ ಸತು ಬರುವಂತೆ ಜಿಂಕ್ ಸಲ್ಫೇಟ್ ಹಾಕಿದ ಇನ್ನೊಂದು ಗುಂಪನ್ನು ಪಕ್ಕದಲ್ಲೇ ಇಡುತ್ತೇನೆ. ಎರಡರಲ್ಲೂ ಮೊಟ್ಟೆ ಒಡೆಯುವುದು ಒಂದೇ ರೀತಿ ತಡವಾದರೆ ಕರಗಿದ ಸತುವೇ ಕಾರಣ. ನನ್ನ ಗುಳಿಗಳಲ್ಲಿ ಬಹುಪಾಲು ಕಂಡಿದ್ದು ಇದೇ. ಹಾಗಂತ ಕಣವನ್ನು ಬಿಟ್ಟುಬಿಡುವಂತಿಲ್ಲ. ಅದು ಮೊಟ್ಟೆಯ ಪೊರೆಗೆ ಅಂಟಿಕೊಂಡು ಅಲ್ಲೇ ಕರಗುತ್ತಾ ಸತುವನ್ನು ಬಿಡುತ್ತಲೇ ಇರುತ್ತದೆ. ನೀರು ಹುಳಿಯಾದಷ್ಟೂ ಹೆಚ್ಚು ಕರಗುತ್ತದೆ, ಅದಕ್ಕೇ ಪಿಎಚ್ ಅನ್ನು ದಿನವೂ ನೋಡುತ್ತೇನೆ.

ಕಂಟ್ರೋಲ್‌ನಲ್ಲಿ, ಅಂದರೆ ಏನೂ ಬೆರೆಸದ ನೀರಿನ ಗುಂಪಿನಲ್ಲಿ, ಶೇ. 90 ಬದುಕಿರಬೇಕು, ಶೇ. 80 ಮೊಟ್ಟೆ ಒಡೆದಿರಬೇಕು. ಅಷ್ಟಿಲ್ಲದಿದ್ದರೆ ಆ ಸರಣಿಯನ್ನೇ ಬಿಡುತ್ತೇನೆ. ಉಳಿದದ್ದರಲ್ಲಿ 96 ಗಂಟೆಗೆ ಸತ್ತವು, ಹೊರಬಂದವು, ಬದುಕಿದ್ದೂ ಒಳಗೇ ಉಳಿದವು ಅಂತ ಮೂರು ಕಾಲಂ ಮಾಡಿ ಬರೆಯುತ್ತೇನೆ. ಮೂರನೆಯ ಕಾಲಂ ಇಲ್ಲದ ವರದಿಯಲ್ಲಿ ಈ ಮರಿಗಳೆಲ್ಲ ಬದುಕಿದವುಗಳ ಲೆಕ್ಕಕ್ಕೇ ಸೇರಿಬಿಡುತ್ತವೆ.