ಸೈಲೆಂಟ್ ಮಾಡಿದರೆ ಸಾಲದು: ನಾಟಕ, ಆಟ, ಸಿನಿಮಾಕ್ಕೆ ಹೊರಡುವ ಮುನ್ನ ಫೋನ್ ಹೀಗೆ ಸಿದ್ಧಪಡಿಸಿ

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿಗೆ ಊರು ಸಜ್ಜಾಗುವ ಹೊತ್ತಿಗೇ ಮಲೆನಾಡಿನಲ್ಲಿ ನಾಟಕ, ಯಕ್ಷಗಾನಗಳ ಕಾಲವೂ ಶುರುವಾಗುತ್ತದೆ. ಅಕ್ಟೋಬರಿನಲ್ಲಿ ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರ, ಅದರ ಬೆನ್ನಿಗೆ 1985ರಿಂದ ನಾಡು ಸುತ್ತುತ್ತಿರುವ ತಿರುಗಾಟದ ನಾಟಕಗಳು, ಶಿವಮೊಗ್ಗದ ಕುವೆಂಪು ರಂಗಮಂದಿರದಲ್ಲಿ, ರಂಗಾಯಣದ ಅಂಗಳದಲ್ಲಿ ಪ್ರದರ್ಶನಗಳು, ಕೊಯ್ಲಾದ ಗದ್ದೆಗಳಲ್ಲಿ ಬಯಲಾಟ. ಸಿನಿಮಾಕ್ಕಂತೂ ಕಾಲ ಬೇಕಿಲ್ಲ, ಶುಕ್ರವಾರ ಬಂದರೆ ಸಾಕು. ಎಲ್ಲ ಕಡೆಯೂ ಶುರುವಿಗೆ ಕೇಳಿಸುವ ವಿನಂತಿ ಒಂದೇ: ‘ದಯವಿಟ್ಟು ನಿಮ್ಮ ಮೊಬೈಲ್‌ಗಳನ್ನು ಸೈಲೆಂಟ್ ಮೋಡ್‌ನಲ್ಲಿಡಿ.’

ಬಹಳಷ್ಟು ಮಂದಿ ಈ ಮಾತು ಕೇಳುತ್ತಾರೆ, ಪಾಲಿಸುತ್ತಾರೆ. ಆದರೆ ಸೈಲೆಂಟ್ ಆದ ಅದೇ ಫೋನು ಸ್ವಲ್ಪ ಹೊತ್ತಿಗೆಲ್ಲ ತೊಡೆಯ ಮೇಲೆ ಬೆಳಗತೊಡಗುತ್ತದೆ. ಒಂದು ಮೆಸೇಜು, ಒಂದು ಸ್ಕೋರು, ಟೈಮೆಷ್ಟಾಯಿತು ಎಂಬ ಒಂದು ಇಣುಕು. ಸದ್ದು ಮಾಡದಿದ್ದರೆ ಯಾರಿಗೂ ತೊಂದರೆಯಿಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ನಾನು ಇದನ್ನು ಒಪ್ಪುವುದಿಲ್ಲ. ರಿಂಗಿನ ಸದ್ದು ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ, ತಪ್ಪು ಯಾರದೋ ಅವರಿಗೂ ಅದು ಗೊತ್ತಾಗುತ್ತದೆ. ಬೆಳಕು ಹಾಗಲ್ಲ. ಹಿಡಿದವರಿಗೆ ಅದು ಬೆಳಕೆಂದೇ ಅನ್ನಿಸುವುದಿಲ್ಲ, ಹಿಂದೆ ಕೂತವರಿಗೆ ಮಾತ್ರ ತಪ್ಪುವುದಿಲ್ಲ.

ಬೆಳಕು ಎಷ್ಟು ಕೆಡಿಸುತ್ತದೆ

ಚಿತ್ರಮಂದಿರದ ಪರದೆಯ ಮೇಲೆ ಪೂರ್ತಿ ಬಿಳಿ ಬಂದಾಗ ಇರಬೇಕಾದ ಪ್ರಕಾಶಕ್ಕೆ ಜಗತ್ತಿನಾದ್ಯಂತ ಒಂದು ಮಾನದಂಡವಿದೆ: 48 ನಿಟ್ (ಪರದೆಯ ಪ್ರಕಾಶ ಅಳೆಯುವ ಮಾನ). ರಾತ್ರಿಯ ದೃಶ್ಯವಾದರೆ ಅದರ ಸಣ್ಣ ಪಾಲು ಮಾತ್ರ. ಸಾಧಾರಣ ಮೊಬೈಲಿನ ಪರದೆ ಪೂರ್ತಿ ಬ್ರೈಟ್‌ನೆಸ್‌ನಲ್ಲಿ 400ರಿಂದ 500 ನಿಟ್ ಮುಟ್ಟುತ್ತದೆ. ಈಚಿನ ಎಷ್ಟೋ ಫೋನುಗಳು ಬಿಸಿಲಿನಲ್ಲಿ 1000 ದಾಟುತ್ತವೆ. ಅಂದರೆ ಎದುರಿನ ಅಷ್ಟು ದೊಡ್ಡ ಪರದೆಗಿಂತ ಅಂಗೈಯಲ್ಲಿರುವ ಈ ಪುಟ್ಟ ಗಾಜಿನ ಪ್ರಖರತೆ ಹತ್ತು ಪಟ್ಟು ಹೆಚ್ಚಿರಬಹುದು.

ಕಣ್ಣಿನದು ಇನ್ನೊಂದು ಲೆಕ್ಕ. ಬೆಳಕಿನಿಂದ ಕತ್ತಲಿಗೆ ಬಂದ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮಂದ ಬೆಳಕಿನಲ್ಲಿ ನೋಡಲು ನೆರವಾಗುವ ರೊಡಾಪ್ಸಿನ್ ಎಂಬ ವಸ್ತು ಅಕ್ಷಿಪಟದಲ್ಲಿ ನಿಧಾನಕ್ಕೆ ಮತ್ತೆ ಕೂಡಿಕೊಳ್ಳಬೇಕು. ಪ್ರಖರ ಬೆಳಕು ಬಿದ್ದರೆ ಆ ಕೆಲಸ ಹಿಂದಕ್ಕೆ ಹೋಗುತ್ತದೆ. ವಯಸ್ಸಾದಂತೆ ಈ ಹೊಂದಾಣಿಕೆ ಇನ್ನೂ ನಿಧಾನ. ಹಾಗಾಗಿ ನಿಮ್ಮ ಹಿಂದಿನ ಸಾಲಿನಲ್ಲಿ ಅಜ್ಜಿಯೊಬ್ಬರು ಕೂತಿದ್ದರೆ, ನೀವು ಟೈಮ್ ನೋಡಿ ಫೋನು ಆರಿಸಿದ ಮೇಲೂ ಅವರಿಗೆ ಸ್ವಲ್ಪ ಹೊತ್ತು ದೃಶ್ಯ ಮಂಕಾಗಿಯೇ ಕಾಣುತ್ತದೆ.

ನಾಟಕದಲ್ಲಿ ಇದಕ್ಕಿಂತ ದೊಡ್ಡ ಕಾರಣವೊಂದಿದೆ. ದೃಶ್ಯ ಮುಗಿದು ರಂಗ ಪೂರ್ತಿ ಕತ್ತಲಾಯಿತು ಅನ್ನಿ. ಬಹಳ ಜನ ಫೋನ್ ತೆಗೆಯುವುದು ಆಗಲೇ, ಈಗ ನೋಡಲು ಏನೂ ಇಲ್ಲ ಎಂದು. ಆದರೆ ಆ ಕೆಲವೇ ಕ್ಷಣಗಳಲ್ಲಿ ನಟರು ನೆಲದ ಗುರುತುಗಳನ್ನು ನಂಬಿ ಒಳಗೆ ಹೊರಗೆ ಓಡಾಡುತ್ತಿರುತ್ತಾರೆ, ಇಬ್ಬರು ಹುಡುಗರು ಮಂಚವನ್ನೋ ಮೆಟ್ಟಿಲನ್ನೋ ಹೊತ್ತು ತರುತ್ತಿರುತ್ತಾರೆ. ಮುಂದಿನ ಸಾಲಿನಿಂದ ಎದ್ದ ಒಂದು ಬೆಳಕು ಅವರ ಕಣ್ಣು ಕುಕ್ಕಿದರೆ ಹೆಜ್ಜೆ ತಪ್ಪುತ್ತದೆ. ಮುಂದಿನ ದೃಶ್ಯದಲ್ಲಿ ಸತ್ತು ಬಿದ್ದಿರಬೇಕಾದವರು ನಡೆದುಬಂದು ಮಲಗುವುದೂ ಎಲ್ಲರಿಗೂ ಕಾಣಿಸುತ್ತದೆ. ತಿಂಗಳುಗಟ್ಟಲೆ ತಾಲೀಮು ಮಾಡಿ ಕಟ್ಟಿದ್ದನ್ನು ಪ್ರೇಕ್ಷಕರೇ ಕೆಡವಿದಂತೆ. ನಾಟಕದ ಕತ್ತಲೂ ನಾಟಕವೇ. ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ಸುಲಭ.

ಹಂತ 1: ಮನೆಯಲ್ಲೇ ಹೇಳಿ ಹೊರಡಿ

ಫೋನ್ ಆರಿಸಲು ಜನ ಹಿಂಜರಿಯುವುದು ಅಸಡ್ಡೆಯಿಂದಲ್ಲ, ಬಹುಪಾಲು ಆತಂಕದಿಂದ. ನಮ್ಮ ಕಡೆ ಆ ಆತಂಕಕ್ಕೆ ಅರ್ಥವಿದೆ. ಒಂಟಿಮನೆಯಲ್ಲಿ ಅಮ್ಮ ಒಬ್ಬರೇ ಇರುತ್ತಾರೆ, ಕೊಟ್ಟಿಗೆಯಲ್ಲಿ ಹಸು ಇವತ್ತೋ ನಾಳೆಯೋ ಕರು ಹಾಕುವಂತಿರುತ್ತದೆ, ಒಲೆಯ ಮೇಲೆ ಅಡಿಕೆ ಹಂಡೆ ಬೇಯುತ್ತಿರುತ್ತದೆ. ಇದಕ್ಕೆ ಪರಿಹಾರ ಫೋನು ಕೈಯಲ್ಲಿ ಹಿಡಿದು ಕೂರುವುದಲ್ಲ, ಹೊರಡುವ ಮುನ್ನ ಹೇಳಿ ಬರುವುದು. ‘ಏಳರಿಂದ ಒಂಬತ್ತೂವರೆವರೆಗೆ ನಾನು ಫೋನಿಗೆ ಸಿಗಲ್ಲ. ಏನಾದ್ರೂ ಆದ್ರೆ ಮೊದ್ಲು ಪಕ್ಕದ ಮನೆ ಭಾವಂಗೆ ಮಾಡಿ’ ಎಂದು ಸ್ಪಷ್ಟವಾಗಿ ಹೇಳಿದರೆ ಮನೆಯಲ್ಲಿರುವವರಿಗೂ ಧೈರ್ಯ. ನಾಲ್ಕು ಮನೆಯವರು ಒಂದೇ ಜೀಪಿನಲ್ಲಿ ನಾಟಕಕ್ಕೆ ಬಂದಿದ್ದರೆ ಎಲ್ಲರ ಫೋನೂ ಜೀವಂತ ಇರಬೇಕಿಲ್ಲ. ಬಾಗಿಲ ಪಕ್ಕ ಕೂರುವ ಒಬ್ಬರ ನಂಬರನ್ನು ಎಲ್ಲ ಮನೆಗಳಿಗೂ ಕೊಟ್ಟು ಬನ್ನಿ.

ಟಿಕೆಟ್ ಫೋನಿನಲ್ಲೇ ಇದ್ದರೆ ಮನೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಗೇಟಿನ ಬಳಿ ನೆಟ್‌ವರ್ಕ್‌ಗೆ ತಡಕಾಡುವುದು ತಪ್ಪುತ್ತದೆ. ಸ್ಕ್ಯಾನ್ ಮಾಡಿಸಲು ಬ್ರೈಟ್‌ನೆಸ್ ಏರಿಸಿದ್ದರೆ ಒಳಗೆ ಕಾಲಿಡುವ ಮುನ್ನ ಇಳಿಸುವುದನ್ನು ಮರೆಯಬೇಡಿ.

ಹಂತ 2: ದೀಪ ಇರುವಾಗಲೇ ಫೋನ್ ಮಲಗಿಸಿ

ಎರಡನೇ ಬೆಲ್ ಆಗುವ ಮೊದಲೇ ಈ ಕೆಲಸ ಮುಗಿದಿರಬೇಕು. ಕ್ರಮ ಹೀಗಿರಲಿ.

ಸ್ವಿಚ್ ಆಫ್ ಮಾಡಬಹುದಾದರೆ ಅದೇ ಉತ್ತಮ. ಆಗದಿದ್ದರೆ ಫ್ಲೈಟ್ ಮೋಡ್. ಬರೀ ಸೈಲೆಂಟ್‌ಗಿಂತ ಇದು ಯಾಕೆ ಮೇಲೆಂದರೆ, ಮಲೆನಾಡಿನ ಊರುಗಳಲ್ಲಿ ಸಿಗ್ನಲ್ ದುರ್ಬಲ. ಸಿಗ್ನಲ್ ದುರ್ಬಲವಾದಷ್ಟೂ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಹಾಕುತ್ತದೆ. 2ಜಿ ಫೋನು ಮೈಕಿನ ವೈರಿನ ಹತ್ತಿರವಿದ್ದರೆ ಸ್ಪೀಕರಿನಲ್ಲಿ ಬರುವ ಆ ‘ಟಿಕ್ ಟಿಕ್ ಬರ್ರ್’ ಸದ್ದು ಜೋರಾಗುವುದು ಇದೇ ಕಾರಣಕ್ಕೆ. ಸೈಲೆಂಟ್‌ನಲ್ಲಿದ್ದ ಫೋನೂ ಈ ಸದ್ದು ಎಬ್ಬಿಸಬಲ್ಲದು, ಫ್ಲೈಟ್ ಮೋಡ್‌ನಲ್ಲಿದ್ದದ್ದು ಎಬ್ಬಿಸದು.

ಆಮೇಲೆ ಅಲಾರಂ ನೋಡಿ. ಇದನ್ನು ಮರೆಯುವವರು ಬಹಳ. ಸೈಲೆಂಟ್ ಆಗಿರಲಿ, ಫ್ಲೈಟ್ ಮೋಡ್ ಆಗಿರಲಿ, ಅಲಾರಂ ಹೊಡೆದೇ ಹೊಡೆಯುತ್ತದೆ. ಕೆಲವು ಫೋನುಗಳಲ್ಲಿ ಸ್ವಿಚ್ ಆಫ್ ಮಾಡಿದ್ದರೂ ಹೊಡೆಯುತ್ತದೆ. ರಾತ್ರಿ ಎಂಟರ ಮಾತ್ರೆಗೆಂದು ಮಗಳು ಇಟ್ಟುಕೊಟ್ಟ ಅಲಾರಂ, ನಾಟಕದ ಅತ್ಯಂತ ಮೌನದ ಜಾಗದಲ್ಲಿ ದೇವರನಾಮ ಹಾಡಲು ಶುರುಮಾಡುತ್ತದೆ. ಪಾಪ, ಅದನ್ನು ನಿಲ್ಲಿಸಲು ತಿಳಿಯದೆ ಆ ಹಿರಿಯರು ಪಡುವ ಸಂಕಟ ನೋಡಲಾಗದು. ಹಿರಿಯರ ಜೊತೆ ಬಂದವರು ಈ ಕೆಲಸವನ್ನು ತಾವೇ ವಹಿಸಿಕೊಳ್ಳಬೇಕು: ‘ಅಜ್ಜಾ, ನಿಮ್ಮ ಫೋನ್ ಒಂಚೂರು ಕೊಡಿ, ಸೈಲೆಂಟ್ ಮಾಡಿ, ಅಲಾರಂ ಆಫ್ ಮಾಡಿ ಕೊಡ್ತೀನಿ’ ಅಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಕೀಪ್ಯಾಡ್ ಫೋನುಗಳಲ್ಲಿ ಹಲವಕ್ಕೆ # ಗುಂಡಿಯನ್ನು ಒತ್ತಿ ಹಿಡಿದರೆ ಸೈಲೆಂಟ್ ಆಗುತ್ತದೆ.

ಮೂರನೆಯದು ಬೆಳಕಿನ ದಾರಿಗಳನ್ನು ಮುಚ್ಚುವುದು. ಎತ್ತಿದರೆ ತಾನೇ ಹೊತ್ತಿಕೊಳ್ಳುವ ಪರದೆ, ಮೆಸೇಜ್ ಬಂದಾಗ ಬೆಳಗುವ ಪರದೆ, ಸದಾ ಗಡಿಯಾರ ತೋರಿಸುವ ಪರದೆ, ಇವನ್ನೆಲ್ಲ ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದು. ಅಷ್ಟು ತಾಳ್ಮೆ ಇಲ್ಲದಿದ್ದರೆ ಫೋನನ್ನು ಚೀಲದೊಳಗೆ ಹಾಕಿ ಜಿಪ್ ಎಳೆಯಿರಿ. ತೆಳು ಅಂಗಿಯ ಜೇಬಿನಲ್ಲಿಟ್ಟ ಫೋನು ಬಟ್ಟೆಯ ಮೂಲಕವೂ ಬೆಳಗುತ್ತದೆ. ಕೈಗೆ ಸ್ಮಾರ್ಟ್‌ವಾಚ್ ಕಟ್ಟಿದವರು ಚಪ್ಪಾಳೆ ತಟ್ಟುವಾಗಲೆಲ್ಲ ಅದು ಹೊತ್ತಿಕೊಳ್ಳುತ್ತದೆ; ಬಹಳಷ್ಟು ವಾಚುಗಳಲ್ಲಿ ಇದಕ್ಕೆಂದೇ ಥಿಯೇಟರ್ ಮೋಡ್ ಇದೆ.

ಹಂತ 3: ಫೋನ್ ಆರಿಸಲಾಗದವರು ಏನು ಮಾಡಬೇಕು

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ಯಾವ ಹೊತ್ತಿಗೂ ಕರೆ ಬರಬಹುದಾದ ಡಾಕ್ಟರಿದ್ದಾರೆ. ವಾರ್ಡಿನಲ್ಲಿ ಮಲಗಿರುವ ಅಪ್ಪನನ್ನು ತಮ್ಮನಿಗೆ ಒಪ್ಪಿಸಿ ಎರಡು ಗಂಟೆ ಮನಸ್ಸು ಹಗುರ ಮಾಡಿಕೊಳ್ಳಲು ಬಂದವರಿದ್ದಾರೆ. ಇಂಥವರು ರಂಗಮಂದಿರಕ್ಕೆ ಬರಲೇಬಾರದು ಎನ್ನುವುದು ನ್ಯಾಯವಲ್ಲ.

ಅವರು ಮಾಡಬೇಕಾದ್ದು ಇಷ್ಟು. ಹಿಂದಿನ ಸಾಲಿನಲ್ಲಿ, ಬಾಗಿಲ ಹತ್ತಿರ, ಸಾಲಿನ ತುದಿಯ ಕುರ್ಚಿ ಹಿಡಿಯಿರಿ. ಫೋನನ್ನು ವೈಬ್ರೇಟ್‌ಗೆ ಹಾಕಿ, ‘ಡು ನಾಟ್ ಡಿಸ್ಟರ್ಬ್’ ಆನ್ ಮಾಡಿ, ಬೇಕಾದ ಒಂದೆರಡು ನಂಬರುಗಳಿಗೆ ಮಾತ್ರ ಅನುಮತಿ ಕೊಡಿ. ಆಂಡ್ರಾಯ್ಡ್‌ನಲ್ಲಿ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದ ಕರೆಯನ್ನು ಒಳಬಿಡುವ ಸೌಲಭ್ಯವಿದೆ. ಐಫೋನಿನಲ್ಲಿ ಈ ಅವಧಿ 3 ನಿಮಿಷ. ‘ತುರ್ತಿದ್ರೆ ಬೆನ್ನುಬೆನ್ನಿಗೆ ಎರಡು ಸಲ ಮಾಡು’ ಎಂದು ತಮ್ಮನಿಗೆ ಹೇಳಿಟ್ಟರೆ ಸಾಕು. ತುರ್ತೇನೂ ಇಲ್ಲದವರು ಈ ಸೌಲಭ್ಯವನ್ನು ಆಫ್ ಮಾಡಿಡುವುದೇ ಒಳ್ಳೆಯದು, ಹಟ ಹಿಡಿದು ಮತ್ತೆ ಮತ್ತೆ ಕರೆ ಮಾಡುವ ಸ್ನೇಹಿತರು ಎಲ್ಲರಿಗೂ ಇರುತ್ತಾರೆ.

ವೈಬ್ರೇಟ್‌ನಲ್ಲಿರುವ ಫೋನು ಮೈಗೆ ತಾಗಿಕೊಂಡಿರಲಿ. ಬ್ಯಾಗಿನಲ್ಲಿ ಕೀಗೊಂಚಲಿನ ಜೊತೆ ಬಿದ್ದಿದ್ದರೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟಿದ್ದರೆ ಅದು ರಿಂಗಿಗಿಂತ ಕೆಟ್ಟದಾಗಿ ಗುರುಗುಟ್ಟುತ್ತದೆ. ಕರೆ ಬಂತೋ, ಎದ್ದು ಹೊರಗೆ ಹೋಗಿ, ಬಾಗಿಲು ಮುಚ್ಚಿಕೊಂಡ ಮೇಲೆ ಪರದೆ ನೋಡಿ. ತಲೆ ಬಗ್ಗಿಸಿ, ಬಾಯಿಗೆ ಕೈ ಅಡ್ಡ ಇಟ್ಟು ‘ನಾಟಕದಲ್ಲಿದೀನಿ, ಆಮೇಲೆ ಮಾಡ್ತೀನಿ’ ಎಂದು ಪಿಸುಗುಟ್ಟುವುದು ಬೇಡ. ಆ ಪಿಸುಮಾತು ಐದು ಸಾಲಿಗೆ ಕೇಳುತ್ತದೆ.

ಹಂತ 4: ಆದರೂ ರಿಂಗ್ ಆಗಿಬಿಟ್ಟರೆ

ಯಾರು ಕರೆದರು ಎಂದು ನೋಡಬೇಡಿ, ಕಟ್ ಮಾಡಲು ಗುಂಡಿ ಹುಡುಕಬೇಡಿ. ಪಕ್ಕದಲ್ಲಿರುವ ವಾಲ್ಯೂಮ್ ಅಥವಾ ಪವರ್ ಬಟನ್ ಒಮ್ಮೆ ಒತ್ತಿದರೆ ಬಹುತೇಕ ಎಲ್ಲ ಫೋನುಗಳಲ್ಲೂ ರಿಂಗು ನಿಲ್ಲುತ್ತದೆ. ಚೀಲದೊಳಗಿದ್ದಾಗಲೇ ಒತ್ತಿ. ಆಮೇಲೆ ಆ ಕ್ಷಣಕ್ಕೆ ಕ್ಷಮೆ ಕೇಳುತ್ತಾ ಕೂರುವುದೂ ಬೇಡ, ಅದೂ ಮಾತೇ.

ಹಂತ 5: ಪಕ್ಕದವರು ಫೋನ್ ನೋಡುತ್ತಿದ್ದರೆ

ಸ್ವಲ್ಪ ಕಾಯಿರಿ, ನಿಜಕ್ಕೂ ಒಂದು ಮುಖ್ಯ ಸಂದೇಶ ಇರಬಹುದು. ಮುಂದುವರಿದರೆ ಮೆಲ್ಲಗೆ, ಮರ್ಯಾದೆಯಿಂದ ಹೇಳಿ: ‘ಅಣ್ಣಾ, ಬೆಳಕು ಕಣ್ಣಿಗೆ ಹೊಡೀತಿದೆ, ಆಫ್ ಮಾಡ್ತೀರಾ?’ ತಪ್ಪು ತೋರಿಸುವ ಮಾತಿಗಿಂತ ನಮಗಾಗುವ ತೊಂದರೆ ತಿಳಿಸುವ ಮಾತು ಬೇಗ ನಾಟುತ್ತದೆ. ಬಹುಮಟ್ಟಿಗೆ ಅವರಿಗೆ ಅರಿವೇ ಇರುವುದಿಲ್ಲ, ಕೂಡಲೇ ಆರಿಸುತ್ತಾರೆ. ಕೇಳದಿದ್ದರೆ ಎರಡನೇ ಸಲ ವಾದ ಮಾಡಬೇಡಿ. ಸಂಘಟಕರಿಗೋ ಟಾಕೀಸಿನ ಸಿಬ್ಬಂದಿಗೋ ವಿರಾಮದಲ್ಲಿ ತಿಳಿಸಿ. ಮಗುವಿನ ಕೈಗೆ ಫೋನ್ ಕೊಟ್ಟು ಸುಮ್ಮನಿರಿಸುವ ತಾಯಂದಿರ ಕಷ್ಟ ದೊಡ್ಡದು, ಅವರೊಡನೆ ಗಡುಸಾಗಿ ಮಾತಾಡಬಾರದು. ಆದರೆ ಅಂಥವರೂ ತುದಿಯ ಕುರ್ಚಿ ಹಿಡಿದು, ಮಗು ರೇಗಿದಾಗ ಹೊರಗೆ ಕರೆದುಕೊಂಡು ಹೋಗುವುದು ಮಗುವಿಗೂ ಹಿತ.

ರೆಕಾರ್ಡಿಂಗ್: ಟಾಕೀಸಿನಲ್ಲಿ ಕಾನೂನು, ಬಯಲಾಟದಲ್ಲಿ ವಿವೇಕ

ಸಿನಿಮಾ ಪರದೆಗೆ ಕ್ಯಾಮೆರಾ ಹಿಡಿಯಲೇಬೇಡಿ. ನಾಯಕನ ಎಂಟ್ರಿಗೆ ಶಿಳ್ಳೆ ಹೊಡೆಯಿರಿ, ಸ್ಟೇಟಸ್‌ಗೆಂದು ಚಿತ್ರೀಕರಿಸಬೇಡಿ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಸಿನಿಮಾವನ್ನು ನಕಲು ಮಾಡಿಕೊಂಡರೆ, ಪ್ರಸಾರ ಮಾಡಿದರೆ ಕನಿಷ್ಠ 3 ತಿಂಗಳ ಜೈಲು, 3 ಲಕ್ಷ ರೂಪಾಯಿ ದಂಡ. ಜೈಲು 3 ವರ್ಷದವರೆಗೆ, ದಂಡ ಸಿನಿಮಾದ ನಿರ್ಮಾಣ ವೆಚ್ಚದ ಶೇ 5ರವರೆಗೆ ಹೋಗಬಹುದು.

ಯಕ್ಷಗಾನದ ಬಯಲಿನಲ್ಲಿ ವಾತಾವರಣವೇ ಬೇರೆ. ಅಲ್ಲಿ ಜನ ಎದ್ದು ಚಹಾ ಕುಡಿದು ಬರುತ್ತಾರೆ, ಮಕ್ಕಳು ಮುಂದೆ ನಿದ್ದೆ ಹೋಗಿರುತ್ತವೆ. ಟಾಕೀಸಿನ ಶಿಸ್ತನ್ನು ಅಲ್ಲಿಗೆ ಹೇರಬೇಕಿಲ್ಲ. ಆದರೂ ಮೂರು ವಿಷಯಗಳಲ್ಲಿ ರಾಜಿ ಸಲ್ಲದು. ಫ್ಲಾಶ್ ಹಾಕಲೇಬಾರದು, ಮಂಡಿ ಹಾಕಿ ಗಿರಗಿರನೆ ತಿರುಗುವ ವೇಷಧಾರಿಯ ಕಣ್ಣಿಗೆ ಅದು ಬಿದ್ದರೆ ಆಯ ತಪ್ಪಿ ಬೀಳುವ ಅಪಾಯವಿದೆ. ರಂಗಸ್ಥಳದ ಎದುರು ಎದ್ದುನಿಂತು ಕೈಮೇಲೆತ್ತಿ ವಿಡಿಯೊ ಮಾಡಬಾರದು. ಇಡೀ ಆಟವನ್ನು ಯೂಟ್ಯೂಬಿಗೆ ಹಾಕುವ ಯೋಚನೆ ಇದ್ದರೆ ಮೇಳದವರ ಒಪ್ಪಿಗೆ ಪಡೆದು, ಸ್ಟ್ಯಾಂಡನ್ನು ಬದಿಗೆ ಇಡಿ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಮುಖದ ಪಕ್ಕ ಮುಖ ತೂರಿಸಿ ಸೆಲ್ಫಿ ತೆಗೆಯುವುದಂತೂ ತೀರಾ ತಪ್ಪು. ಅದು ಅವರು ಪಾತ್ರಕ್ಕೆ ಇಳಿಯುವ ಹೊತ್ತು.

ಮಳೆಗಾಲದ ತಾಳಮದ್ದಳೆಗೆ ಮಾತ್ರ ನಾಟಕದಷ್ಟೇ ಕಟ್ಟುನಿಟ್ಟು ಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡು ಮತ್ತು ಮಾತು. ವಾದ ಪ್ರತಿವಾದದ ನಡುವೆ ಅರ್ಥಧಾರಿ ಸ್ವಂತ ಬುದ್ಧಿಯಿಂದ ಆ ಕ್ಷಣಕ್ಕೆ ಹೆಣೆದ ಮಾತಿನ ಎಳೆಯನ್ನು ಒಂದು ರಿಂಗು ಕಡಿದರೆ ಅದನ್ನು ಮತ್ತೆ ಜೋಡಿಸಲು ಆಗುವುದಿಲ್ಲ.

ಸಂಘಟಕರಿಗೆ ಎರಡು ಮಾತು

ವಿನಂತಿಯನ್ನು ದೀಪ ಆರಿಸಿದ ಮೇಲೆ ಮಾಡಬೇಡಿ. ಹಾಗೆ ಮಾಡಿದಾಗ ನೂರಾರು ಜನ ಕತ್ತಲಲ್ಲೇ ಫೋನ್ ತೆಗೆದು ಸೈಲೆಂಟ್ ಮಾಡಲು ಹೊರಟು, ಮೊದಲ ದೃಶ್ಯವೇ ಆ ಬೆಳಕಿನಲ್ಲಿ ಕೊಚ್ಚಿಹೋಗುತ್ತದೆ. ದೀಪ ಉರಿಯುತ್ತಿರುವಾಗಲೇ ಹೇಳಿ, ಎರಡು ನಿಮಿಷ ಬಿಡಿ, ಆಮೇಲೆ ಮೂರನೇ ಬೆಲ್ ಕೊಡಿ. ‘ಸೈಲೆಂಟ್ ಮಾಡಿ’ ಎಂಬುದರ ಜೊತೆಗೆ ‘ಅಲಾರಂ ನೋಡಿ, ಪರದೆ ತೆರೆಯಬೇಡಿ, ದೃಶ್ಯ ಬದಲಾಗುವ ಕತ್ತಲಲ್ಲೂ ತೆರೆಯಬೇಡಿ’ ಎಂದೂ ಸೇರಿಸಿ. ತಡವಾಗಿ ಬಂದವರು ಮೊಬೈಲ್ ಟಾರ್ಚ್ ಹಾಕಿಕೊಂಡು ಕುರ್ಚಿ ಹುಡುಕದಂತೆ ಬಾಗಿಲಲ್ಲಿ ಒಬ್ಬ ಸ್ವಯಂಸೇವಕರನ್ನು ನಿಲ್ಲಿಸಿ, ದೃಶ್ಯ ಮುಗಿದ ಮೇಲೆ ಒಳಗೆ ಬಿಡಿ. ಫೋಟೊ ಯಾವಾಗ ತೆಗೆಯಬಹುದು ಎಂಬುದನ್ನೂ ಆಗಲೇ ತಿಳಿಸಿದರೆ ಜನ ಸಮಾಧಾನದಿಂದ ಕಾಯುತ್ತಾರೆ.

ನಾಟಕ ಮುಗಿದು ನಟರೆಲ್ಲ ಸಾಲಾಗಿ ನಿಂತು ಪರಿಚಯ ನಡೆಯುವಾಗ, ರಂಗದ ದೀಪ ಪೂರ್ತಿ ಇರುವಾಗ, ತಂಡದ ಅಭ್ಯಂತರವಿಲ್ಲದಿದ್ದರೆ ಮನಸಾರೆ ಫೋಟೊ ತೆಗೆಯಿರಿ. ಹೊರಗೆ ಬಂದ ಕೂಡಲೇ ಫ್ಲೈಟ್ ಮೋಡ್ ತೆಗೆದು ಮನೆಗೊಂದು ಫೋನ್ ಮಾಡಿ. ಮಲಗುವ ಮುನ್ನ ‘ಡು ನಾಟ್ ಡಿಸ್ಟರ್ಬ್’ ಆಫ್ ಆಗಿದೆಯೇ, ಆಫ್ ಮಾಡಿದ್ದ ಅಲಾರಂ ಮತ್ತೆ ಆನ್ ಆಗಿದೆಯೇ ನೋಡಿಕೊಳ್ಳಿ. ಅಜ್ಜನ ಫೋನಿನದ್ದೂ ಸೇರಿಸಿ.