ಬಾಯಿಮಾತು ಸಾಲದು, ಅರ್ಜಿ ಕೊಡಿ: ವಿಶೇಷ ಅಗತ್ಯವುಳ್ಳ ಮಗುವಿಗೆ ಶಾಲೆಯಲ್ಲಿ ನೆರವು ಪಡೆಯುವ ಬಗೆ

‘ಸೇರಿಸಿಕೊಳ್ಳುವುದಕ್ಕೆ ನಮ್ಮದೇನೂ ಅಡ್ಡಿಯಿಲ್ಲ, ಆದರೆ ನೋಡಿಕೊಳ್ಳುವವರು ಯಾರು?’ ಮಲೆನಾಡಿನ ಶಾಲೆಯೊಂದರ ಕಚೇರಿಯಲ್ಲಿ ನನ್ನ ಅಕ್ಕನಿಗೆ ಸಿಕ್ಕ ಉತ್ತರ ಇದು. ಹೇಳಿದವರಲ್ಲಿ ಒರಟುತನವೇನೂ ಇರಲಿಲ್ಲ. ಕುರ್ಚಿ ಕೊಟ್ಟು, ಕಾಫಿ ಕೊಟ್ಟೇ ಹೇಳಿದ್ದರು. ಅಕ್ಕ ಹಾಗೆಯೇ ಮರಳಿ ಬಂದಳು, ಮಗನ ಒಂದು ವರ್ಷ ಅಡಿಕೆ ಅಂಗಳದಲ್ಲೇ ಕಳೆಯಿತು. ಮರುವರ್ಷ ಅವಳು ಅದೇ ಕೋರಿಕೆಯನ್ನು ಒಂದು ಪುಟದ ಅರ್ಜಿಯಾಗಿ ಬರೆದುಕೊಂಡು ಹೋಗಿ, ನಕಲು ಪ್ರತಿಯ ಮೇಲೆ ಶಾಲೆಯ ಮುದ್ರೆ ಹಾಕಿಸಿಕೊಂಡು ಬಂದಳು. ಕೆಲವೇ ದಿನಗಳಲ್ಲಿ ಬಿಆರ್‌ಸಿಯ (ಕ್ಷೇತ್ರ ಸಂಪನ್ಮೂಲ ಕೇಂದ್ರದ) ವಿಶೇಷ ಶಿಕ್ಷಕರು ಮನೆ ವಿಳಾಸ ಕೇಳಿಕೊಂಡು ಬಂದರು.

ಈ ಅನುಭವದ ಬಲದ ಮೇಲೆ, ವಿಶೇಷ ಅಗತ್ಯವುಳ್ಳ ಮಗುವಿನ ತಂದೆತಾಯಿ ಶಾಲೆಯೊಂದಿಗೆ ಹೇಗೆ ವ್ಯವಹರಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಕಾನೂನಿನಲ್ಲಿ ಏನಿದೆ

ಎರಡು ಕಾಯ್ದೆಗಳ ಹೆಸರು ನೆನಪಿದ್ದರೆ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಅನ್ವಯಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದು, ಅದರ 31ನೇ ಸೆಕ್ಷನ್ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ ಮಗುವಿಗೆ ಆರನೇ ವಯಸ್ಸಿನಿಂದ ಹದಿನೆಂಟರವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಡುತ್ತದೆ. ಅದು ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನ ಕಡೆಯವರದು. ಸರ್ಕಾರಿ ಮತ್ತು ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು, ಕಟ್ಟಡ ಮತ್ತು ಶೌಚಾಲಯವನ್ನು ಅದು ಬಳಸುವಂತಿರಬೇಕು, ಅದರ ಕಲಿಕೆಯ ಪ್ರಗತಿಯನ್ನು ಗಮನಿಸುತ್ತಿರಬೇಕು ಎಂದು 16ನೇ ಸೆಕ್ಷನ್ ಹೇಳುತ್ತದೆ. ‘ನೋಡಿಕೊಳ್ಳುವವರು ಯಾರು’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ತಾಯಿಯದಲ್ಲ, ವ್ಯವಸ್ಥೆಯದು ಎಂಬುದು ಇದರ ತಾತ್ಪರ್ಯ.

ಮೊದಲ ಕೆಲಸ: ಒಂದು ನೋಟ್‌ಬುಕ್

ವೈದ್ಯರ ಬಳಿ ಹೋಗುವ ಮುನ್ನವೇ ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಗು ಮನೆಯಲ್ಲಿ ಏನು ಮಾಡುತ್ತದೆ, ಎಲ್ಲಿ ತಡವರಿಸುತ್ತದೆ, ಯಾವಾಗ ಸಿಟ್ಟಾಗುತ್ತದೆ ಎಂಬುದನ್ನು ದಿನಾಂಕ ಹಾಕಿ ಬರೆಯುತ್ತಾ ಹೋಗಿ. ‘ಮಾತು ಬರುವುದಿಲ್ಲ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಅಕ್ಕನ ಪುಸ್ತಕದಲ್ಲಿ ಹೀಗಿತ್ತು: ‘ನೀರು ಬೇಕಾದಾಗ ನನ್ನ ಕೈ ಹಿಡಿದು ಹಂಡೆಯ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಹಂಚಿನ ಮೇಲೆ ಮಳೆ ಜೋರಾದರೆ ಕಿವಿ ಮುಚ್ಚಿಕೊಂಡು ಕೋಣೆ ಸೇರುತ್ತಾನೆ. ಅಡಿಕೆಯನ್ನು ಹತ್ತರ ಗುಂಪು ಮಾಡು ಎಂದರೆ ತಪ್ಪಿಲ್ಲದೆ ಮಾಡುತ್ತಾನೆ.’ ಈ ಮೂರು ಸಾಲಿನಿಂದ ಶಿಕ್ಷಕರಿಗೆ ಮೂರು ವಿಷಯ ತಿಳಿಯಿತು: ಹುಡುಗ ಸನ್ನೆಯಲ್ಲಿ ಕೇಳಬಲ್ಲ, ತಗಡಿನ ಮಾಡಿನ ಕೊಠಡಿ ಅವನಿಗೆ ಆಗಿಬರುವುದಿಲ್ಲ, ಎಣಿಕೆಯನ್ನು ಕೈಗೆ ಸಿಗುವ ವಸ್ತುಗಳಿಂದ ಕಲಿಸಬೇಕು. ಮಗುವಿಗೆ ಬಾರದ್ದರ ಪಟ್ಟಿಯನ್ನು ಎಲ್ಲರೂ ಮಾಡುತ್ತಾರೆ. ಬರುವುದನ್ನು ಬರೆದಿಡುವವರು ಮನೆಯವರು ಮಾತ್ರ.

ಪ್ರಮಾಣಪತ್ರ ಮತ್ತು ಯುಡಿಐಡಿ

ನ್ಯೂನತೆಯ ಪ್ರಮಾಣಪತ್ರಕ್ಕೂ ಯುಡಿಐಡಿಗೂ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಗೂ, ಈಗ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲೇ ಅರ್ಜಿ ಹಾಕಬೇಕು. ಆಧಾರ್, ಭಾವಚಿತ್ರ, ವಿಳಾಸದ ದಾಖಲೆ ಮತ್ತು ಹಳೆಯ ವೈದ್ಯಕೀಯ ವರದಿಗಳಿದ್ದರೆ ಸಾಕು. ಮೊಬೈಲ್‌ನಲ್ಲಿ ಕಷ್ಟವಾದರೆ ಗ್ರಾಮ ಒನ್ ಕೇಂದ್ರದಲ್ಲಿ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಜನ ಇವರನ್ನು ವಿಆರ್‌ಡಬ್ಲ್ಯೂ, ಎಂಆರ್‌ಡಬ್ಲ್ಯೂ ಎಂದೇ ಕರೆಯುವುದು. ಮಾಸಾಶನದ ಕೆಲಸಕ್ಕೆ ಮಾತ್ರ ಇವರು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಯಾವ ನ್ಯೂನತೆಗೆ ಯಾವ ವೈದ್ಯರು, ಅವರು ಯಾವ ದಿನ ಸಿಗುತ್ತಾರೆ ಎಂಬುದನ್ನು ಇವರಿಂದ ವಿಚಾರಿಸಿಕೊಂಡೇ ಮನೆ ಬಿಡುವುದು ಒಳ್ಳೆಯದು. ಸಾಗರ ಪಟ್ಟಣದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್ ಆಗುತ್ತದೆ, ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಇನ್ನೂ ದೂರ. ಮಗುವನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿ, ತಜ್ಞರು ಈ ದಿನ ರಜೆ ಎಂದು ಕೇಳಿಸಿಕೊಂಡು ಬಂದವರು ಬಹಳ.

ಎರಡು ಎಚ್ಚರಿಕೆ. ಅರ್ಜಿಯಲ್ಲಿ ಮಗುವಿನ ಹೆಸರಿನ ಅಕ್ಷರಗಳು ಆಧಾರ್‌ನಲ್ಲೂ ಶಾಲಾ ದಾಖಲೆಯಲ್ಲೂ ಒಂದೇ ರೀತಿ ಇವೆಯೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಮುಂದೆ ವಿದ್ಯಾರ್ಥಿವೇತನದ ಹೊತ್ತಿಗೆ ಅಲೆದಾಟ ತಪ್ಪುವುದಿಲ್ಲ. ಚಿಕ್ಕ ಮಕ್ಕಳಿಗೆ ಅನೇಕ ವೇಳೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ, ಅದರ ಅವಧಿ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಕೊಟ್ಟ ಶೇಕಡಾವಾರು ಸರಿಯಿಲ್ಲವೆನಿಸಿದರೆ 59ನೇ ಸೆಕ್ಷನ್ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಪ್ರಮಾಣಪತ್ರ ಬರುವ ತನಕ ಶಾಲೆಗೆ ಸೇರಿಸುವುದನ್ನು ಮುಂದೂಡಬೇಡಿ. ಅದು ಸವಲತ್ತುಗಳಿಗೆ ಬೇಕು, ದಾಖಲಾತಿಗೆ ಬೇಕಿಲ್ಲ.

ಅರ್ಜಿ ಬರೆಯುವ ಕ್ರಮ

ಅರ್ಜಿ ಮುಖ್ಯ ಶಿಕ್ಷಕರ ಹೆಸರಿಗಲ್ಲ, ಹುದ್ದೆಗೆ ಇರಲಿ. ವರ್ಗಾವಣೆಯಾದರೂ ಅದು ಕಡತದಲ್ಲಿ ಉಳಿಯುತ್ತದೆ. ಕಷ್ಟಸುಖವನ್ನೆಲ್ಲ ಅದರಲ್ಲಿ ತೋಡಿಕೊಳ್ಳಬೇಕಾಗಿಲ್ಲ. ಮಗುವಿನ ಹೆಸರು, ವಯಸ್ಸು, ತರಗತಿ ಒಂದು ಸಾಲಿನಲ್ಲಿ. ನ್ಯೂನತೆಯ ವಿವರ ಮತ್ತು ಯುಡಿಐಡಿ ಸಂಖ್ಯೆ ಇನ್ನೊಂದರಲ್ಲಿ. ಆಮೇಲೆ ನಿಮಗೆ ಬೇಕಾದ್ದನ್ನು ಒಂದೊಂದಾಗಿ ಬರೆಯಿರಿ. ‘ದಯವಿಟ್ಟು ಸಹಕರಿಸಬೇಕು’ ಎಂಬಂಥ ಕೋರಿಕೆಗೆ ‘ಆಗಲಿ’ ಎಂಬ ಉತ್ತರವಷ್ಟೇ ಬರುತ್ತದೆ. ‘ನನ್ನ ಮಗಳನ್ನು ಕಿಟಕಿಯಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸಬೇಕು, ಬೋರ್ಡಿನ ಮೇಲೆ ಬರೆದದ್ದನ್ನು ಬಾಯಿಬಿಟ್ಟು ಓದಿ ಹೇಳಬೇಕು, ಶೌಚಾಲಯದ ಮೆಟ್ಟಿಲಿಗೆ ಹಿಡಿಕೆ ಹಾಕಿಸಬೇಕು, ಬಿಆರ್‌ಸಿಯ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಂದ ಮೌಲ್ಯಮಾಪನ ಮಾಡಿಸಬೇಕು’ ಎಂದು ಬರೆದರೆ ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾಗುತ್ತದೆ. ಕೊನೆಯಲ್ಲಿ ‘2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16 ಮತ್ತು 17ನೇ ಸೆಕ್ಷನ್‌ಗಳ ಅನ್ವಯ’ ಎಂಬ ಸಾಲಿರಲಿ. ಬೆದರಿಕೆಯ ಧ್ವನಿ ಬೇಡ. ಅದೇ ಶಿಕ್ಷಕರ ಕೈಗೆ ದಿನವೂ ಮಗುವನ್ನು ಒಪ್ಪಿಸಬೇಕಾದವರು ನಾವು.

ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ದಿನಾಂಕ, ಸಹಿ, ಮುದ್ರೆ ಪಡೆಯಿರಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಾದರೆ ಟಪಾಲು ವಿಭಾಗದಲ್ಲಿ ಕೊಟ್ಟು ಇನ್‌ವರ್ಡ್ ನಂಬರ್ ಬರೆಸಿಕೊಳ್ಳಿ. ‘ನಮ್ಮೂರ ಮೇಷ್ಟ್ರು, ಮುದ್ರೆ ಕೇಳಿದರೆ ಏನಂದುಕೊಳ್ಳುತ್ತಾರೋ’ ಎಂಬ ಸಂಕೋಚ ಮಲೆನಾಡಿನಲ್ಲಿ ಸ್ವಲ್ಪ ಹೆಚ್ಚೇ. ಆ ಸಂಕೋಚ ಕಾಡಿದರೆ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ರಟ್ಟಿನ ಫೈಲು ಆಷಾಢದೊಳಗೆ ಬೂಷ್ಟು ಹಿಡಿಯುತ್ತದೆ. ಝಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇಡಿ, ಪ್ರತಿ ಹಾಳೆಯ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇರಿಸಿ.

ಸಭೆ ಮತ್ತು ಕಲಿಕಾ ಯೋಜನೆ

ಪ್ರತಿ ಶೈಕ್ಷಣಿಕ ಬ್ಲಾಕಿನಲ್ಲೂ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಇದೆ. ಸಮಗ್ರ ಶಿಕ್ಷಣ ಯೋಜನೆಯ ವಿಶೇಷ ಶಿಕ್ಷಕರು (ಬಿಐಇಆರ್‌ಟಿ) ಇಲ್ಲಿಂದಲೇ ಶಾಲೆಗಳಿಗೆ ಹೋಗುತ್ತಾರೆ. ಒಬ್ಬರಿಗೆ ಹತ್ತಾರು ಶಾಲೆ, ಘಟ್ಟದ ರಸ್ತೆ. ವಾರಕ್ಕೊಮ್ಮೆ ಬಂದರೂ ಪುಣ್ಯ ಎಂಬ ಸ್ಥಿತಿ. ವಿಶೇಷ ಶಿಕ್ಷಕರ ಪ್ರಮಾಣ ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ನಂತರದ ಹಂತದಲ್ಲಿ ಹದಿನೈದಕ್ಕೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಹೇಳಿದೆ. ಆ ಲೆಕ್ಕಕ್ಕೂ ನೆಲದ ಸ್ಥಿತಿಗೂ ಇರುವ ಅಂತರಕ್ಕೆ ಬಂದ ಶಿಕ್ಷಕರನ್ನು ದೂರುವುದು ನ್ಯಾಯವಲ್ಲ. ಅವರು ಬಂದ ದಿನ ತರಗತಿ ಶಿಕ್ಷಕರನ್ನೂ ಕೂರಿಸಿಕೊಂಡು ವೈಯಕ್ತಿಕ ಶಿಕ್ಷಣ ಯೋಜನೆ ಬರೆಸಿಕೊಳ್ಳುವುದು ಜಾಣತನ, ಏಕೆಂದರೆ ಉಳಿದ ದಿನಗಳಲ್ಲಿ ಮಗುವಿನ ಜೊತೆ ಇರುವವರು ತರಗತಿ ಶಿಕ್ಷಕರು.

ಯೋಜನೆಯಲ್ಲಿ ಗುರಿ ಚಿಕ್ಕದಿರಲಿ. ‘ಓದು ಬರಹ ಸುಧಾರಿಸುವುದು’ ಎಂದು ಬರೆದರೆ ಸುಧಾರಿಸಿತೋ ಇಲ್ಲವೋ ಯಾರೂ ಹೇಳಲಾರರು. ‘ದಸರಾ ರಜೆಯೊಳಗೆ ತನ್ನ ಹೆಸರನ್ನು ನೋಡದೆ ಬರೆಯುವುದು’ ಎಂದಿದ್ದರೆ ಅಕ್ಟೋಬರಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಸಭೆಗೆ ಒಬ್ಬರೇ ಹೋಗಬೇಡಿ. ಮಾವನೋ ಅಂಗನವಾಡಿ ಅಕ್ಕೋರೋ ಜೊತೆಗಿದ್ದು ಬರೆದುಕೊಳ್ಳಲಿ, ನೀವು ಮಾತಾಡಿ.

ಗೃಹಾಧಾರಿತ ಶಿಕ್ಷಣದ ವಿಷಯದಲ್ಲಿ ಹುಷಾರಾಗಿರಿ. ತೀವ್ರ ಅಥವಾ ಬಹುವಿಧ ನ್ಯೂನತೆಯಿರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ, ಹಾಸಿಗೆ ಹಿಡಿದ ಮಕ್ಕಳಿಗೆ ಅದು ದೊಡ್ಡ ಆಸರೆಯೂ ಹೌದು. ಆದರೆ ಅದು ಮನೆಯವರ ಆಯ್ಕೆಯೇ ಹೊರತು, ಗಲಾಟೆ ಮಾಡುವ ಮಗುವನ್ನು ಹೊರಗಿಡಲು ಶಾಲೆಗೆ ಸಿಕ್ಕ ಉಪಾಯವಲ್ಲ. ‘ನಾವೇ ಮನೆಗೆ ಬಂದು ಕಲಿಸುತ್ತೇವೆ, ಇಲ್ಲಿ ಸಹಿ ಮಾಡಿ’ ಎಂದರೆ ಆ ಕ್ಷಣವೇ ಸಹಿ ಹಾಕಬೇಡಿ. ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು, ಯಾರು ಬರುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ.

ಹೋಗಿಬರುವ ದಾರಿ

ನಮ್ಮ ಕಡೆ ಮನೆಗಳು ಒಂಟಿ ಮನೆಗಳು. ಕಾಲುಸಂಕ ದಾಟಿ, ತೋಟದ ಏರಿ ಹತ್ತಿ ಟಾರು ರಸ್ತೆಗೆ ಬರುವುದೇ ನಡೆಯಲಾಗದ ಮಗುವಿಗೆ ಅರ್ಧ ದಿನದ ಕೆಲಸ. ಸರ್ಕಾರಿ ಬಸ್ಸಿನ ವಿಕಲಚೇತನರ ಪಾಸು ಖಾಸಗಿ ಬಸ್ಸುಗಳೇ ಓಡುವ ದಾರಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಭತ್ಯೆ ಮತ್ತು ಜೊತೆಗೆ ಹೋಗುವವರಿಗೆ ಬೆಂಗಾವಲು ಭತ್ಯೆ ಇವೆ. ಬಿಆರ್‌ಸಿಯಲ್ಲಿ ಹೆಸರು ಹಿಡಿದೇ ಕೇಳಿ. ಗಾಲಿಕುರ್ಚಿ, ಶ್ರವಣಸಾಧನಗಳಿಗೆ ಬಿಆರ್‌ಸಿಯವರು ನಡೆಸುವ ವೈದ್ಯಕೀಯ ಶಿಬಿರದಲ್ಲಿ ಅಳತೆ ತೆಗೆದುಕೊಳ್ಳುತ್ತಾರೆ. ಶಿಬಿರದ ದಿನಾಂಕವನ್ನು ಶಾಲೆಯಿಂದ ಮೊದಲೇ ತಿಳಿದುಕೊಳ್ಳಿ, ತಪ್ಪಿದರೆ ಮುಂದಿನ ವರ್ಷವೇ.

ಉತ್ತರ ಬಾರದಿದ್ದರೆ

ಒಂದು ತಿಂಗಳು ಕಾದು, ಮೊದಲ ಅರ್ಜಿಯ ನಕಲು ಲಗತ್ತಿಸಿ ಬಿಇಒಗೆ ಬರೆಯಿರಿ. ಅಲ್ಲೂ ಆಗದಿದ್ದರೆ ಶಿವಮೊಗ್ಗದ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಗೆ. ನಿಮ್ಮ ಅರ್ಜಿಯ ಮೇಲೆ ಏನು ಕ್ರಮವಾಯಿತು ಎಂದು ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಬಹಳಷ್ಟು ಕಡತಗಳು ಅಷ್ಟಕ್ಕೇ ಅಲುಗಾಡುತ್ತವೆ. ಅದರ ಮೇಲೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು, ಅಂಚೆಯಲ್ಲೇ ಕಳಿಸಿದರಾಯಿತು. ವಕೀಲರ ನೆರವು ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ; ಮಹಿಳೆಯರು, ಮಕ್ಕಳು ಮತ್ತು ವಿಕಲಚೇತನರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಪರೀಕ್ಷೆ, ಹದಿನೆಂಟು ವರ್ಷ

ಹೆಚ್ಚುವರಿ ಸಮಯ, ಬರೆದುಕೊಡುವ ಲಿಪಿಕಾರರು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ, ಇವುಗಳ ಪ್ರಸ್ತಾಪ 17ನೇ ಸೆಕ್ಷನ್‌ನಲ್ಲಿದೆ. ಎಸ್ಸೆಸ್ಸೆಲ್ಸಿಗೆ ಇವು ಬೇಕಿದ್ದರೆ ಪರೀಕ್ಷಾ ಮಂಡಳಿಗೆ ಶಾಲೆಯ ಮೂಲಕವೇ ಹೋಗಬೇಕು. ಆದ್ದರಿಂದ ಹತ್ತನೇ ತರಗತಿಯ ಆರಂಭದಲ್ಲೇ ಮುಖ್ಯ ಶಿಕ್ಷಕರಿಗೆ ಬರೆದು ಕೊಡಿ, ಪರೀಕ್ಷಾ ಅರ್ಜಿ ತುಂಬುವಾಗ ಎದುರಿಗಿದ್ದು ನೋಡಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಅಥವಾ ಬಹುವಿಧ ನ್ಯೂನತೆಯಿರುವ ಮಗುವಾಗಿದ್ದರೆ ಇನ್ನೊಂದು ಕೆಲಸ ಬಾಕಿಯಿರುತ್ತದೆ. ಹದಿನೆಂಟು ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪ್ರಕಾರ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಬ್ಯಾಂಕ್ ಖಾತೆ, ಜಮೀನಿನ ವ್ಯವಹಾರಗಳಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಪೋಷಕತ್ವದ ಅರ್ಜಿ ಹಾಕಬೇಕು. ಆ ಹೊತ್ತಿಗೆ ಸಮಿತಿಯ ಮುಂದೆ ಇಡಲು ಹನ್ನೆರಡು ವರ್ಷದ ಶಾಲಾ ಕಾಗದಪತ್ರಗಳೆಲ್ಲ ಅದೇ ಝಿಪ್ ಚೀಲದಲ್ಲಿರಲಿ.