ನೀರು ಪರೀಕ್ಷೆ ಕೆಡುವುದು ಸೀಸೆ ತುಂಬುವಾಗಲೇ

ರಾಯಚೂರು ನಗರದಲ್ಲಿ 2022ರಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಆದರೂ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಪರೀಕ್ಷೆಗೆ ಬರುವವರು ಇನ್ನೂ ಇದ್ದಾರೆ. ಅಂತಹ ನೀರಿನ ವರದಿಯನ್ನು ನಂಬುವಂತಿಲ್ಲ.

ಓಣಿಯಲ್ಲಿ ವಾಂತಿಭೇದಿ ಕಾಣಿಸಿದ ಕೂಡಲೇ ಆಶಾ ಕಾರ್ಯಕರ್ತೆಗೆ ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ. ರೋಗದ ಮೂಲ ಹುಡುಕಿ ತಡೆಯುವುದು ಆರೋಗ್ಯ ಇಲಾಖೆಯ ಹೊಣೆ. ಜಿಲ್ಲಾ ಸರ್ವೇಕ್ಷಣಾ ಘಟಕ ಇರುವುದೇ ಅದಕ್ಕಾಗಿ.

ಮಾದರಿ ತೆಗೆಯಲು ಇಲಾಖೆಯ ಕ್ರಿಮಿಶುದ್ಧ ಸೀಸೆಯನ್ನೇ ಕೇಳಿ ಪಡೆಯಿರಿ. ನಲ್ಲಿಗೆ ಬರುವುದು ಕ್ಲೋರಿನ್ ಬೆರೆಸಿದ ನೀರಾದರೆ ಅದನ್ನು ಮೊದಲೇ ಹೇಳಬೇಕು. ಆಗ ಕೊಡುವ ಸೀಸೆಯಲ್ಲಿ ಕ್ಲೋರಿನ್ನಿನ ಪ್ರಭಾವವನ್ನು ಇಲ್ಲವಾಗಿಸುವ ಸೋಡಿಯಂ ಥಯೋಸಲ್ಫೇಟ್ ಇರುತ್ತದೆ. ಅದಿಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತಲೇ ಹೋಗಿ, ಕೆಟ್ಟ ನೀರೂ ಒಳ್ಳೆಯದೆಂದು ವರದಿ ಬರುತ್ತದೆ. ಆದ್ದರಿಂದ ಈ ಸೀಸೆಯನ್ನು ಎಂದಿಗೂ ತೊಳೆಯಬಾರದು.

ಮನೆಯ ಟ್ಯಾಂಕಿನ ನಲ್ಲಿಯನ್ನು ಬಿಟ್ಟು, ಮುಖ್ಯ ಕೊಳವೆಯಿಂದ ನೇರವಾಗಿ ಬರುವ ನಲ್ಲಿಯನ್ನು ಆರಿಸಿರಿ. ಅದರ ಬಾಯಿಗೆ ಕಟ್ಟಿದ ಅರಿವೆ, ಸಿಕ್ಕಿಸಿದ ಪೈಪಿನ ತುಂಡು ಎರಡನ್ನೂ ತೆಗೆದು, ಒರೆಸಿ, ಎರಡು ಮೂರು ನಿಮಿಷ ನೀರು ಹರಿಯಬಿಡಿರಿ. ನಲ್ಲಿ ಮುಚ್ಚಿ, ಲೋಹದ್ದಾದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯ ಉರಿಯಿಂದ ಅದರ ಬಾಯಿಯನ್ನು ಸುಡಬೇಕು. ಪ್ಲಾಸ್ಟಿಕ್‌ನದಾದರೆ ಸ್ಪಿರಿಟ್‌ನಿಂದ ಒರೆಸಿದರೆ ಸಾಕು. ಮತ್ತೆ ಒಂದು ನಿಮಿಷ ಸಣ್ಣಗೆ ನೀರು ಬಿಟ್ಟು, ಮುಚ್ಚಳವನ್ನು ಕೆಳಗಿಡದೆ, ಅದರ ಒಳಭಾಗಕ್ಕೆ ಬೆರಳು ತಾಗಿಸದೆ ಕೈಯಲ್ಲೇ ಹಿಡಿದು ಸೀಸೆ ತುಂಬಿರಿ. ಮೇಲೆ ಸ್ವಲ್ಪ ಜಾಗ ಖಾಲಿ ಇರಲಿ. ಸ್ಥಳ ಮತ್ತು ಸಮಯವನ್ನು ಸೀಸೆಯ ಮೇಲೆ ಬರೆಯಿರಿ.

ಬಳ್ಳಾರಿಯ ಬಿಸಿಲಿನಲ್ಲಿ ಸೀಸೆಯನ್ನು ಬೈಕಿಗೆ ತೂಗುಹಾಕಿಕೊಂಡು ಒಯ್ಯುವುದು ಸಲ್ಲದು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸುವುದೇ ಒಳ್ಳೆಯದು. 24 ಗಂಟೆಯನ್ನಂತೂ ಮೀರಲೇಬಾರದು.

ಕೊಪ್ಪಳ, ರಾಯಚೂರಿನ ಕೊಳವೆಬಾವಿಗಳ ಫ್ಲೋರೈಡ್ ಪರೀಕ್ಷೆ ಬೇರೆಯೇ. ಅದಕ್ಕೆ ಶುದ್ಧವಾದ ಪ್ಲಾಸ್ಟಿಕ್ ಡಬ್ಬಿ ಸಾಕು, ಗಾಜಿನ ಸೀಸೆ ಬೇಡ. ಹಳ್ಳಿಯವರು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಬೇಕು. ಅಂಗಡಿಯಲ್ಲಿ ಸಿಗುವ ಟಿಡಿಎಸ್ ಮೀಟರನ್ನು ಕೊಳ್ಳಬೇಡಿರಿ: ಅದು ಕರಗಿದ ಲವಣಗಳ ಒಟ್ಟು ಅಂದಾಜನ್ನಷ್ಟೇ ತೋರಿಸುತ್ತದೆ, ರೋಗಾಣುವನ್ನಾಗಲಿ ಫ್ಲೋರೈಡನ್ನಾಗಲಿ ಪ್ರತ್ಯೇಕವಾಗಿ ಹೇಳುವುದಿಲ್ಲ.

ವರದಿಯಲ್ಲಿ ನೋಡಬೇಕಾದದ್ದು ಎರಡು: 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ (ನೀರಿಗೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ) ಇರಲೇಬಾರದು; ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಇ-ಕೋಲಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಇ-ಕೋಲಿ ಕಂಡರೆ ವರದಿಯ ಪ್ರತಿಯೊಂದಿಗೆ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ; ಕೊಳವೆ ದುರಸ್ತಿಯಾಗಿ ಕ್ಲೋರಿನ್ ಹಾಕಿದ ಮೇಲೆ ಅದೇ ನಲ್ಲಿಯಿಂದ ಮತ್ತೊಮ್ಮೆ ಮಾದರಿ ತೆಗೆಸಿರಿ.